ಸೇವೆಗೆ ಮೊದಲು ಪರಿಚಯ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಿವೃತ್ತಿಯ ಅನಂತರ ಒಂದೆರಡು ವರ್ಷ ಆಫ್ರಿಕದ ಯಾವುದಾದರೂ ಸಣ್ಣ ದೇಶದಲ್ಲಿ ಸ್ವಯಂಸೇವಕರಾಗಿ ದುಡಿಯಬೇಕೆಂಬ ಹಂಬಲ ನಮ್ಮಲ್ಲಿ ಕೆಲವರಿಗಿದೆ. ಅದು ಶ್ಲಾಘ್ಯವಾದುದು. ಆದರೆ ಅರಿಯದೆ ಮಾಡಿದ ಸೇವೆ ಉಪಕಾರದ ವೇಷ ತೊಟ್ಟ ಅಹಂಕಾರವಾದೀತು. ಆದ್ದರಿಂದ ಮಲಾವಿಯನ್ನು ನಿದರ್ಶನವಾಗಿಟ್ಟುಕೊಂಡು, ಹೊರಡುವವರು ಏನೇನು ತಿಳಿದಿರಬೇಕೆಂಬುದನ್ನು ಅರಿಕೆ ಮಾಡುತ್ತೇನೆ.

ಮೊದಲನೆಯದು ಚರಿತ್ರೆ. ವಿಸ್ತೀರ್ಣದಲ್ಲಿ ಕರ್ನಾಟಕದ ಸುಮಾರು ಐದರಲ್ಲಿ ಮೂರು ಪಾಲಿರುವ ಈ ದೇಶ, ನ್ಯಾಸಾಲ್ಯಾಂಡ್ ಎಂಬ ಹೆಸರಿನಲ್ಲಿ ಬ್ರಿಟಿಷರ ಅಧೀನದಲ್ಲಿದ್ದು 1964ರ ಜುಲೈ 6ರಂದು ಸ್ವತಂತ್ರವಾಯಿತು. ಮುಂಬಯಿಗೂ ಅದಕ್ಕೂ ಇರುವ ನಂಟು ಇನ್ನೂ ಹಳೆಯದು. 1864ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಸಣ್ಣದೊಂದು ಹಡಗಿನಲ್ಲಿ ನಮ್ಮ ಬಂದರಿಗೆ ಬಂದಾಗ, ಗುಲಾಮರ ವ್ಯಾಪಾರಿಗಳಿಂದ ಬಿಡುಗಡೆ ಹೊಂದಿದ್ದ ಚುಮಾ ಮತ್ತು ವಿಕಟಾನಿ ಎಂಬ ಆ ನಾಡಿನ ಇಬ್ಬರು ಬಾಲಕರು ಜೊತೆಗಿದ್ದರು. ವಿಲ್ಸನ್ ಕಾಲೇಜಿಗೆ ಹೆಸರು ಕೊಟ್ಟ ಜಾನ್ ವಿಲ್ಸನ್ನರ ಶಾಲೆಯಲ್ಲಿ ಅವರನ್ನು ಓದಲು ಬಿಡಲಾಯಿತು. 1873ರಲ್ಲಿ ಲಿವಿಂಗ್‌ಸ್ಟನ್ ತೀರಿಕೊಂಡಾಗ, ಆತನ ದೇಹವನ್ನು ಸಮುದ್ರತೀರದವರೆಗೆ ಹೊತ್ತು ತಂದ ತಂಡದ ಮುಂದಾಳುಗಳಲ್ಲಿ ಈ ಚುಮಾ ಒಬ್ಬ. ಹೊತ್ತವರ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಎರಡನೆಯದು ಭಾಷೆ. 1968ರಲ್ಲಿ ಅಧ್ಯಕ್ಷ ಹೇಸ್ಟಿಂಗ್ಸ್ ಬಾಂಡಾ ಚಿಚೆವಾವನ್ನು ರಾಷ್ಟ್ರಭಾಷೆ ಮಾಡಿದ ಮೇಲೆ, ಉತ್ತರ ಭಾಗದ ಚಿಟುಂಬುಕ ನುಡಿ ಶಾಲೆಯಿಂದಲೂ ಬಾನುಲಿಯಿಂದಲೂ ಮರೆಯಾಯಿತು. 1994ರಲ್ಲಿ ಬಾಂಡಾ ಚುನಾವಣೆಯಲ್ಲಿ ಸೋತ ಅನಂತರವೇ ಅದು ಬಾನುಲಿಗೆ ಮರಳಿತು. ಹೊರನಾಡಿನಲ್ಲಿ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಹೆಣಗುವ ನಮಗೆ ಈ ನೋವನ್ನು ಯಾರೂ ವಿವರಿಸಬೇಕಾಗಿಲ್ಲ. ಇಂಗ್ಲಿಷ್ ಸಾಕೆನ್ನುವವರು, ತಾವು ಹೋಗುವ ಹಳ್ಳಿಯ ನುಡಿ ಯಾವುದೆಂದು ಕೇಳಿಕೊಂಡು ನೂರು ಮಾತನ್ನಾದರೂ ಕಲಿಯಲಿ.

ಮೂರನೆಯದು ಅನ್ನ. ಅಲ್ಲಿಯ ಮುಖ್ಯ ಆಹಾರ ನ್ಸಿಮಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಮಳೆಗಾಲ ಆರಂಭವಾಗುವುದು ನವೆಂಬರಿನಲ್ಲಿ. ಹಿಂದಿನ ಬೆಳೆ ತೀರಿ, ಹೊಸದು ಕೈಗೆ ಬಾರದಿರುವ ಜನವರಿ, ಫೆಬ್ರವರಿಗಳು ಹಸಿವಿನ ತಿಂಗಳುಗಳು. ಇದನ್ನರಿಯದ ಶಿಕ್ಷಕ ಆಗ ಖಾಲಿ ತರಗತಿಯನ್ನು ಕಂಡು ಜನ ಸೋಮಾರಿಗಳೆಂದು ವರದಿ ಬರೆದಾನು. ಮುಂಬಯಿಯ ಕನ್ನಡ ರಾತ್ರಿಶಾಲೆಯ ಒಳ್ಳೆಯ ಮೇಷ್ಟ್ರು, ತೂಕಡಿಸುವ ಹೋಟೆಲು ಹುಡುಗನನ್ನು ಗದರಿಸುತ್ತಿರಲಿಲ್ಲ. ಅವನು ನಸುಕಿನಿಂದ ಲೋಟ ತೊಳೆದು ಬಂದವನೆಂದು ಬಲ್ಲವರಾಗಿದ್ದರು. ಆ ಅರಿವೇ ಸೇವೆಯ ಬೇರು.

ಕೊನೆಯದು, ಅವರ ಕಣ್ಣಲ್ಲಿ ನಾವು ಯಾರು ಎಂಬ ಪ್ರಶ್ನೆ. 1970ರ ದಶಕದಲ್ಲಿ ಬಾಂಡಾ ಸರ್ಕಾರ ಭಾರತೀಯ ಮೂಲದ ವ್ಯಾಪಾರಿಗಳನ್ನು ಹಳ್ಳಿಗಾಡಿನಿಂದ ತೆರವುಗೊಳಿಸಿ ಕೆಲವೇ ನಗರಗಳಿಗೆ ಸೀಮಿತಗೊಳಿಸಿತು. 1960ರ ದಶಕದ ಕೊನೆಯಲ್ಲಿ ಈ ನಗರದಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ಬಲ್ಲ ನಾವು ಆ ವ್ಯಾಪಾರಿಗಳ ಸಂಕಟವನ್ನು ಅರಿಯಬಲ್ಲೆವು. ಅವರನ್ನು ಹೊರಗಿನವರೆಂದು ಕಂಡ ಬಡ ರೈತನ ಮನಸ್ಸನ್ನೂ ಅರಿಯಬೇಕು. 2018ರಲ್ಲಿ ಬ್ಲಾಂಟೈರ್ ನಗರದಲ್ಲಿ ಗಾಂಧೀಜಿಯ ಪ್ರತಿಮೆಯ ಕೆಲಸಕ್ಕೆ ನ್ಯಾಯಾಲಯ ತಡೆ ಒಡ್ಡಿತು. ದಕ್ಷಿಣ ಆಫ್ರಿಕದ ಆರಂಭದ ವರ್ಷಗಳಲ್ಲಿ ಅವರು ಆಫ್ರಿಕನ್ನರ ಬಗ್ಗೆ ಬರೆದ ಮಾತುಗಳನ್ನು ವಿರೋಧಿಸಿದವರು ಎತ್ತಿ ತೋರಿಸಿದ್ದರು. ಮಹಾತ್ಮನ ಹೆಸರೂ ಅಲ್ಲಿ ನಮಗೆ ರಹದಾರಿಯಾಗದು.

ಕಡತವನ್ನು ಓದದೆ ಟಿಪ್ಪಣಿ ಬರೆಯಬಾರದೆಂಬುದು ಕೇಂದ್ರ ಸರ್ಕಾರದ ನೌಕರಿ ನನಗೆ ಕಲಿಸಿದ ಪಾಠ. ದೇಶವೊಂದರ ವಿಷಯದಲ್ಲಿ ಆ ನಿಯಮ ಇನ್ನೂ ಕಟ್ಟುನಿಟ್ಟಾಗಿರಬೇಕು. ಹೋಗುವವರು ಹೋಗಲಿ; ಕಲಿಸುವ ಮೊದಲು ಆರು ತಿಂಗಳು ಕಲಿಯಲಿ.