ನೇರವಾದ ಹಲ್ಲು ನೇರವಾಗಿಯೇ ಉಳಿಯಬೇಕಾದರೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಇದೇ ಶಾಲೆಯಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಓದಿದವನು. ಮುಂದೆ ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಂಘಟಕರು ಕೇಳಿದರು. ಹಲ್ಲಿನ ಬಗ್ಗೆ ಹೇಳುತ್ತೇನೆ ಎಂದೆ. ಅವರು ನಕ್ಕರು. ಆದರೆ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನನಗೆ ಹೆಚ್ಚು ಬರುವ ಪ್ರಶ್ನೆ ಕೋಡಿಂಗ್ ಬಗ್ಗೆ ಅಲ್ಲ. "ನೀನು ಹಲ್ಲಿಗೆ ಆ ಕಾಣದ ಪ್ಲಾಸ್ಟಿಕ್ ಹಾಕಿಸಿದ್ದೆಯಲ್ಲ, ಹೇಗಾಯಿತು?" ಎಂಬುದೇ. ಮಗಳಿಗೆ ಹಾಕಿಸಬೇಕು ಎನ್ನುವವರಿದ್ದಾರೆ, ತಮಗೇ ಬೇಕು ಎನ್ನುವ ನನ್ನ ವಯಸ್ಸಿನವರೂ ಇದ್ದಾರೆ. ಇಲ್ಲಿ ಕುಳಿತ ಮಕ್ಕಳಲ್ಲೂ ಇಬ್ಬರು ಮೂವರು ಕ್ಲಿಪ್ ಹಾಕಿಸಿಕೊಂಡಿರುವುದು ಕಾಣುತ್ತಿದೆ.

ನಾನು ದಂತವೈದ್ಯನಲ್ಲ. ಚಿಕಿತ್ಸೆ ಪಡೆದವನು, ವೈದ್ಯರನ್ನು ಬಿಡದೆ ಪ್ರಶ್ನೆ ಕೇಳಿದವನು, ಅಷ್ಟೇ. ಎಲ್ಲರೂ ನನ್ನನ್ನು ಕೇಳುವುದು "ಹಲ್ಲು ನೇರವಾಗಲು ಎಷ್ಟು ತಿಂಗಳು?" ಎಂದು. "ನೇರವಾದ ಮೇಲೆ ಏನು?" ಎಂದು ಯಾರೂ ಕೇಳುವುದಿಲ್ಲ. ಹಣ ಮತ್ತು ಶ್ರಮ ನೀರಿಗೆ ಹೋಗುವುದು ಅಲ್ಲೇ. ಅದಕ್ಕೇ ಇವತ್ತಿನ ಮಾತು ಆ ಎರಡನೆಯ ಪ್ರಶ್ನೆಯ ಮೇಲೆ.

ಮೊದಲು ಅಲೈನರ್ ಅಂದರೆ ಏನು ಎಂದು ಹೇಳಿಬಿಡುತ್ತೇನೆ. ಬಾಯಿಯ ಒಳಭಾಗವನ್ನು ಸ್ಕ್ಯಾನ್ ಮಾಡಿ ಹಲ್ಲುಗಳ ಮೂರು ಆಯಾಮದ ಚಿತ್ರವನ್ನು ಕಂಪ್ಯೂಟರಿಗೆ ತರುತ್ತಾರೆ. ಈಗಿರುವ ಜಾಗದಿಂದ ಬೇಕಾದ ಜಾಗಕ್ಕೆ ಪ್ರತಿ ಹಲ್ಲು ಹೇಗೆ ಸರಿಯಬೇಕು ಎಂಬುದನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುತ್ತಾರೆ. ಒಂದು ಹೆಜ್ಜೆಗೆ ಸುಮಾರು ಕಾಲು ಮಿಲಿಮೀಟರ್. ಪ್ರತಿ ಹೆಜ್ಜೆಗೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಕವಚ. ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡಿದ್ದು, ಒಂದೆರಡು ವಾರಕ್ಕೊಮ್ಮೆ ಮುಂದಿನ ಕವಚಕ್ಕೆ ಹೋಗಬೇಕು. ಊಟಕ್ಕೆ ಮತ್ತು ಹಲ್ಲುಜ್ಜಲು ಮಾತ್ರ ತೆಗೆಯಬೇಕು. ತಂತಿಯ ಕ್ಲಿಪ್ ಮಾಡುವ ಕೆಲಸವನ್ನೇ ಇದು ಬೇರೆ ರೀತಿಯಲ್ಲಿ ಮಾಡುತ್ತದೆ. ಎಲ್ಲ ಬಗೆಯ ವಕ್ರತೆಗೂ ಇದು ಹೊಂದುವುದಿಲ್ಲ. ಹೊಂದುತ್ತದೋ ಇಲ್ಲವೋ ಎಂದು ಹೇಳಬೇಕಾದವರು ಆರ್ಥೊಡಾಂಟಿಸ್ಟ್, ಅಂದರೆ ಹಲ್ಲು ನೇರ ಮಾಡುವ ತಜ್ಞರು.

ಇದು ಹುಟ್ಟಿದ ಕಥೆಯಲ್ಲೇ ನನ್ನ ಇಂದಿನ ವಿಷಯ ಅಡಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದುತ್ತಿದ್ದ ಜಿಯಾ ಚಿಸ್ತಿ ಎಂಬುವರು ದೊಡ್ಡವರಾದ ಮೇಲೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದರು. ಕ್ಲಿಪ್ ತೆಗೆದ ಮೇಲೆ ಹಲ್ಲನ್ನು ಅಲ್ಲೇ ಹಿಡಿದಿಡಲು ಒಂದು ರಿಟೇನರ್ ಕೊಟ್ಟಿದ್ದರು. ಅದನ್ನು ಕೆಲವು ದಿನ ಹಾಕದೆ ಬಿಟ್ಟರೆ ಹಲ್ಲು ಸರಿಯುತ್ತಿತ್ತು, ಮತ್ತೆ ಹಾಕಿದರೆ ಸ್ವಸ್ಥಾನಕ್ಕೆ ಬರುತ್ತಿತ್ತು. ಹಾಗಾದರೆ ಇಂಥ ಕವಚಗಳ ಸರಣಿಯಿಂದಲೇ ಹಲ್ಲನ್ನು ಸರಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ಕೆಲ್ಸಿ ವರ್ತ್ ಮೊದಲಾದ ಜೊತೆಗಾರರೊಂದಿಗೆ 1997ರಲ್ಲಿ ಅವರು ಅಲೈನ್ ಟೆಕ್ನಾಲಜಿ ಕಂಪನಿ ಕಟ್ಟಿದರು. ಇನ್ವಿಸಲೈನ್ ಎಂಬ ಹೆಸರು ಬಂದದ್ದು ಅಲ್ಲಿಂದ. ಅಂದರೆ ಈ ಚಿಕಿತ್ಸೆ ಹುಟ್ಟಿದ್ದೇ ರಿಟೇನರಿನಿಂದ. ಕವಚ ತೆಗೆದರೆ ಹಲ್ಲು ಹಿಂದಕ್ಕೆ ಹೋಗುತ್ತದೆ ಎಂಬ ಸತ್ಯದಿಂದ.

ಏಕೆ ಹಿಂದಕ್ಕೆ ಹೋಗುತ್ತದೆ? ಹಲ್ಲು ದವಡೆಯಲ್ಲಿ ಗೋಡೆಗೆ ಹೊಡೆದ ಮೊಳೆಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರ್ ಆಸುಪಾಸಿನ ಒಂದು ತೆಳು ನಾರಿನ ಪದರವಿದೆ. ಹಲ್ಲು ಆ ನಾರುಗಳಲ್ಲಿ ತೂಗುಹಾಕಿದಂತೆ ನಿಂತಿದೆ. ಒಂದು ಕಡೆಯಿಂದ ಸಣ್ಣ ಒತ್ತಡ ಬಿಡದೆ ಬಿದ್ದರೆ, ಒತ್ತುವ ಕಡೆಯ ಮೂಳೆಯನ್ನು ದೇಹವೇ ಕರಗಿಸುತ್ತದೆ, ಹಿಂದೆ ಖಾಲಿಯಾದ ಕಡೆ ಹೊಸ ಮೂಳೆ ಕಟ್ಟುತ್ತದೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎನ್ನುತ್ತೇವೆ. ಹಲ್ಲಿನ ವಿಷಯದಲ್ಲಿ ಈ ಗಾದೆ ನಡೆಯುವುದಿಲ್ಲ. ಮೂವತ್ತಕ್ಕೂ ಬಗ್ಗುತ್ತದೆ, ಐವತ್ತಕ್ಕೂ ಬಗ್ಗುತ್ತದೆ. ಆದರೆ ನೇರವಾಗಲು ಬಗ್ಗುವ ಹಲ್ಲು ಮತ್ತೆ ಡೊಂಕಾಗಲೂ ಬಗ್ಗುತ್ತದೆ. ಎರಡೂ ಒಂದೇ ಗುಣ.

ಚಿಕಿತ್ಸೆ ಮುಗಿದ ದಿನ ಹಲ್ಲು ಹೊಸ ಜಾಗದಲ್ಲಿದ್ದರೂ ಅದರ ಸುತ್ತಲಿನ ನಾರುಗಳು ಇನ್ನೂ ಹಳೆಯ ಜಾಗದ ಕಡೆಗೆ ಎಳೆಯುತ್ತಿರುತ್ತವೆ. ಬೇರಿನ ಸುತ್ತಲಿನ ನಾರು ಹೊಂದಿಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ವಸಡಿನ ನಾರಿಗೆ ಇನ್ನೂ ಹೆಚ್ಚು. ಅದರಲ್ಲಿ ರಬ್ಬರಿನಂತೆ ಹಿಗ್ಗುವ ಕೆಲವು ಎಳೆಗಳು ವರ್ಷವಾದರೂ ಎಳೆತ ಬಿಡುವುದಿಲ್ಲ. ತಿರುಚಿಕೊಂಡಿದ್ದು ನೇರವಾದ ಹಲ್ಲು ಮತ್ತೆ ತಿರುಗಿಕೊಳ್ಳಲು ಇದೇ ಮುಖ್ಯ ಕಾರಣ. ಗೊನೆ ಬಿಟ್ಟ ಬಾಳೆಗೆ ನಾವು ಊರುಗೋಲು ಕೊಡುತ್ತೇವೆ. ಗಿಡ ನೆಟ್ಟಗೆ ನಿಂತಿದೆಯಲ್ಲ ಎಂದು ಕೋಲು ತೆಗೆದವನಿಗೆ ಬೆಳಗಾಗುವಷ್ಟರಲ್ಲಿ ಫಲ ಗೊತ್ತಾಗುತ್ತದೆ. ರಿಟೇನರ್ ಅಂಥ ಊರುಗೋಲು.

ವರ್ಷ ಕಳೆದ ಮೇಲೆ ಬಿಡಬಹುದೇ? ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು, ಹಲ್ಲು ಕೀಳಿಸಿ ತಂತಿ ಹಾಕಿಸಿಕೊಂಡ 65 ಜನರನ್ನು ರಿಟೇನರ್ ಬಿಟ್ಟು ಕನಿಷ್ಠ ಹತ್ತು ವರ್ಷವಾದ ಮೇಲೆ ಪರೀಕ್ಷಿಸಿ, 1981ರಲ್ಲಿ ವರದಿ ಮಾಡಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನರ ಕೆಳಗಿನ ಮುಂಬಲ್ಲುಗಳ ಸಾಲು ತೃಪ್ತಿಕರವಾಗಿ ಉಳಿದಿರಲಿಲ್ಲ. ಅದು ತಂತಿಯ ಕಾಲದ ಮಾತು. ಆದರೆ ತಂತಿಯಿಂದ ಸರಿಸಿದರೂ ಪ್ಲಾಸ್ಟಿಕ್ಕಿನಿಂದ ಸರಿಸಿದರೂ ನಾರು, ಮೂಳೆ ಅವೇ. ಜೊತೆಗೆ, ಚಿಕಿತ್ಸೆಯನ್ನೇ ಮಾಡಿಸದವರ ಕೆಳಗಿನ ಮುಂಬಲ್ಲುಗಳೂ ವಯಸ್ಸಾದಂತೆ ಒತ್ತೊತ್ತಾಗುತ್ತವೆ. ಬುದ್ಧಿಹಲ್ಲು ತಳ್ಳುವುದರಿಂದ ಹೀಗಾಗುತ್ತದೆ ಎಂಬ ನಂಬಿಕೆ ಇದೆ. ಅದು ಮುಖ್ಯ ಕಾರಣವಲ್ಲ. ಮುಖ ಸುಕ್ಕುಗಟ್ಟುವಂತೆ ಇದೂ ವಯಸ್ಸಿನ ಬದಲಾವಣೆ. ಆದ್ದರಿಂದಲೇ ಈಗಿನ ಹೆಚ್ಚಿನ ತಜ್ಞರು ಹೇಳುವುದು ಇಷ್ಟು: ಹಲ್ಲು ನೇರವಾಗಿ ಎಷ್ಟು ವರ್ಷ ಬೇಕೋ ಅಷ್ಟು ವರ್ಷ ರಾತ್ರಿ ರಿಟೇನರ್ ಹಾಕಿ.

ರಿಟೇನರಿನಲ್ಲಿ ಮೂರು ಬಗೆ. ಮೊದಲನೆಯದು ಅಲೈನರಿನಂತೆಯೇ ಕಾಣುವ ಪಾರದರ್ಶಕ ಕವಚ. ಎರಡನೆಯದು ಹಾಲಿ ರಿಟೇನರ್, ಅಂಗುಳಕ್ಕೆ ಕೂರುವ ಗಟ್ಟಿ ಪ್ಲಾಸ್ಟಿಕ್ ಮತ್ತು ಮುಂಬಲ್ಲಿನ ಮೇಲೆ ಹಾಯುವ ತಂತಿ. ಇದು ನೂರು ವರ್ಷದಷ್ಟು ಹಳೆಯ ವಿನ್ಯಾಸ, ಇವತ್ತಿಗೂ ಬಳಕೆಯಲ್ಲಿದೆ. ಮೂರನೆಯದು ಮುಂಬಲ್ಲುಗಳ ಹಿಂಬದಿಗೆ, ಸಾಮಾನ್ಯವಾಗಿ ಕೋರೆಹಲ್ಲಿನಿಂದ ಕೋರೆಹಲ್ಲಿನವರೆಗೆ, ಅಂಟಿಸಿಬಿಡುವ ಸಣ್ಣ ತಂತಿ. ಹಾಕಿಕೊಳ್ಳಲು ಮರೆಯುವ ಚಿಂತೆ ಇದರಲ್ಲಿಲ್ಲ. ಆದರೆ ಸುತ್ತ ಕೊಳೆ ಕಟ್ಟುತ್ತದೆ, ಹಲ್ಲಿನ ಸಂದಿಗೆ ಹೋಗುವ ಪುಟ್ಟ ಬ್ರಷ್‌ನಿಂದ ದಿನವೂ ಶುಚಿ ಮಾಡಬೇಕು. ಒಂದು ಹಲ್ಲಿನ ಅಂಟು ಬಿಟ್ಟರೆ ನಮಗೆ ಗೊತ್ತೇ ಆಗದಂತೆ ಆ ಹಲ್ಲು ಸರಿಯಬಹುದು. ಆಗಾಗ ನಾಲಿಗೆಯಿಂದ ಮುಟ್ಟಿ ನೋಡಿಕೊಳ್ಳಿ.

ಎಷ್ಟು ಹೊತ್ತು ಹಾಕಬೇಕು ಎಂಬುದಕ್ಕೆ ನಿಮ್ಮ ವೈದ್ಯರ ಮಾತೇ ಕೊನೆ. ಸಾಮಾನ್ಯವಾಗಿ ಮೊದಲ ಕೆಲವು ತಿಂಗಳು ಹಗಲು ರಾತ್ರಿ, ಆಮೇಲೆ ರಾತ್ರಿ ಮಾತ್ರ.

ತೆಗೆದು ಹಾಕುವ ಕವಚದ ಆರೈಕೆಗೆ ಕೆಲವು ಮಾತು. ಬಿಸಿನೀರಿನಲ್ಲಿ ತೊಳೆಯಬೇಡಿ, ಕಾವಿಗೆ ಪ್ಲಾಸ್ಟಿಕ್ ಸೊಟ್ಟಗಾದರೆ ಅದು ಹಲ್ಲನ್ನು ಹಿಡಿಯುವುದಿಲ್ಲ. ಒಲೆಯ ಪಕ್ಕ, ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬೇಡಿ. ತಣ್ಣೀರು, ಮೆತ್ತನೆಯ ಬ್ರಷ್ ಸಾಕು. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬೀಳುತ್ತದೆ. ಹಾಕಿಕೊಂಡಿರುವಾಗ ನೀರು ಬಿಟ್ಟು ಬೇರೇನೂ ಕುಡಿಯಬೇಡಿ. ಕಾಫಿ ಟೀ ಕುಡಿದರೆ ಕಲೆಯಾಗುತ್ತದೆ, ಸಿಹಿ ಪಾನೀಯ ಒಳಗೆ ನಿಂತರೆ ಹುಳುಕು. ಮುಖ್ಯವಾದದ್ದು: ತೆಗೆದರೆ ಡಬ್ಬಿಗೆ, ಇಲ್ಲದಿದ್ದರೆ ಬಾಯಿಗೆ. ಮೂರನೆಯ ಜಾಗವೇ ಇಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕಾಗದದಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟಿರೋ, ಎಲೆ ಎತ್ತುವವರ ಜೊತೆ ಅದೂ ಹೋಯಿತು. ಮನೆಯಲ್ಲಿ ನಾಯಿ ಇದ್ದರೆ ಇನ್ನೂ ಜೋಪಾನ, ಅದಕ್ಕೆ ಇದನ್ನು ಕಡಿಯುವುದೆಂದರೆ ಬಲು ಪ್ರೀತಿ.

ರಾತ್ರಿ ಹಾಕುವಾಗ ಎಂದಿಗಿಂತ ಬಿಗಿ ಅನಿಸಿದರೆ ಹಲ್ಲು ಸರಿಯುತ್ತಿದೆ ಎಂದು ತಿಳಿಯಿರಿ. ಕೂರದಿದ್ದರೆ ಒತ್ತಿ ತುರುಕಬೇಡಿ. ಒಡೆದರೆ, ಕಳೆದರೆ "ಮುಂದಿನ ತಿಂಗಳು ನೋಡೋಣ" ಎನ್ನಬೇಡಿ, ಆ ವಾರವೇ ವೈದ್ಯರಿಗೆ ಫೋನ್ ಮಾಡಿ. ಹೊಸ ರಿಟೇನರಿನ ಖರ್ಚು ಮತ್ತೊಂದು ಸುತ್ತಿನ ಚಿಕಿತ್ಸೆಯ ಖರ್ಚಿನ ಮುಂದೆ ಏನೂ ಅಲ್ಲ.

ಪೋಷಕರಿಗೆ ಒಂದು ಮಾತು. ಅಲೈನರ್ ಚಿಕಿತ್ಸೆ ಎಷ್ಟೋ ಕಡೆ ಲಕ್ಷ ರೂಪಾಯಿ ದಾಟುತ್ತದೆ. ಹಣ ಕಟ್ಟುವ ಮೊದಲೇ ಕೇಳಿ: ರಿಟೇನರ್ ಈ ಮೊತ್ತದಲ್ಲಿ ಸೇರಿದೆಯೇ? ಎಷ್ಟು ಜೊತೆ? ಕಳೆದರೆ ಎಷ್ಟು? ಚಿಕಿತ್ಸೆ ಮುಗಿದ ಮೇಲೆ ನೋಡುವವರು ಯಾರು? ವೈದ್ಯರನ್ನು ಎದುರಾಗಿ ಕಾಣದೆ ಅಂಚೆಯಲ್ಲೇ ಅಲೈನರ್ ತರಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಅಮೆರಿಕದಲ್ಲಿ ಈ ವ್ಯಾಪಾರದ ದೊಡ್ಡ ಹೆಸರಾಗಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಜೀವನಪರ್ಯಂತ ಎಂದು ಕೊಟ್ಟಿದ್ದ ಭರವಸೆಯೂ ಅದರೊಂದಿಗೇ ಮುಗಿಯಿತು. ಬಾಯಿ ತೆರೆದು ನೋಡಿ, ಕರೆದಾಗ ಸಿಗುವ ವೈದ್ಯರೇ ನಿಜವಾದ ಗ್ಯಾರಂಟಿ. ಅಷ್ಟು ಹಣ ಇಲ್ಲದವರು ಬೇಸರಪಡಬೇಕಿಲ್ಲ. ತಂತಿಯ ಕ್ಲಿಪ್ ಇವತ್ತಿಗೂ ಒಳ್ಳೆಯ ಚಿಕಿತ್ಸೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲೂ ರಾಜ್ಯದ ಇತರ ದಂತ ಕಾಲೇಜುಗಳಲ್ಲೂ ಇದಕ್ಕೆಂದೇ ವಿಭಾಗವಿದೆ; ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ.

ಮಕ್ಕಳೇ, ನಿಮಗೆ ಎರಡು ಮಾತು. ಉಬ್ಬು ಹಲ್ಲಿನವರನ್ನು ಹೆಸರಿಟ್ಟು ಕರೆಯಬೇಡಿ. ಕೈ ಅಡ್ಡ ಹಿಡಿದು ನಗುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಹಲ್ಲು ಸ್ವಲ್ಪ ಓರೆ ಇದ್ದರೆ ಅದು ರೋಗವಲ್ಲ; ಎಲ್ಲರೂ ಚಿಕಿತ್ಸೆ ಮಾಡಿಸಲೇಬೇಕೆಂದೂ ಇಲ್ಲ. ಮಾಡಿಸಿಕೊಂಡವರು ಮಾತ್ರ ಅಪ್ಪ ಅಮ್ಮ ಕೂಡಿಟ್ಟ ದುಡ್ಡಿನ ಬೆಲೆ ನೆನಪಿಟ್ಟು ರಾತ್ರಿ ಮಲಗುವ ಮುನ್ನ ಆ ಡಬ್ಬಿ ತೆರೆಯಿರಿ. ಹಲ್ಲುಜ್ಜುವುದು, ರಿಟೇನರ್ ಹಾಕುವುದು, ಇವೆರಡೂ ಒಂದೇ ಅಭ್ಯಾಸವಾಗಲಿ.

ನನ್ನ ವೃತ್ತಿಯಲ್ಲಿ ಒಂದು ಪಾಠವಿದೆ. ಸಾಫ್ಟ್‌ವೇರ್ ಬರೆದು ಗ್ರಾಹಕರ ಕೈಗಿಟ್ಟ ದಿನ ಎಲ್ಲರೂ ಸಿಹಿ ಹಂಚುತ್ತೇವೆ. ಅದನ್ನು ವರ್ಷಗಟ್ಟಲೆ ನಿಲ್ಲಿಸುವುದು ಮಾತ್ರ, ಯಾರೂ ಚಪ್ಪಾಳೆ ತಟ್ಟದ ದಿನನಿತ್ಯದ ನಿರ್ವಹಣೆ. ಈ ಶಾಲೆ ಐವತ್ತು ವರ್ಷ ನಿಂತದ್ದೂ ಕಟ್ಟಡ ಉದ್ಘಾಟನೆಯಾದ ಒಂದು ದಿನದಿಂದಲ್ಲ. ದಿನವೂ ಗಂಟೆ ಹೊಡೆದವರಿಂದ, ಹಾಜರಿ ಕೂಗಿದವರಿಂದ, ಸೋರುವ ಹೆಂಚು ಬದಲಿಸಿದವರಿಂದ. ಆ ಎಲ್ಲರಿಗೂ ನನ್ನ ನಮನ.