ಮರಳಿ ನುಡಿದ ಪಿಟೀಲುಗಳು

ವಾದ್ಯವನ್ನು ನುಡಿಸುವವನಿಗೆ ಸಭೆಯ ಮನ್ನಣೆಯುಂಟು. ಅದನ್ನು ಮಾಡುವವನಿಗೆ, ಮುರಿದುದನ್ನು ಕೂಡಿಸುವವನಿಗೆ ಆ ಭಾಗ್ಯವಿಲ್ಲ. ಹಾಗಿದ್ದೂ ಕಮಾನು ಹಿಡಿದ ಕೈಯೇ ಉಳಿಯನ್ನು ಹಿಡಿದ ನಿದರ್ಶನಗಳಿವೆ. ಅಂಥ ಒಬ್ಬರ ಮತ್ತು ಅವರ ಮಗನ ವೃತ್ತಾಂತವನ್ನು ಈ ಹೊತ್ತು ತಮ್ಮ ಮುಂದಿಡಬಯಸುತ್ತೇನೆ.

ಮೋಶೆ ವೈನ್‌ಸ್ಟೈನ್ ವಿಲ್ನಾ ನಗರದಲ್ಲಿ ಪಿಟೀಲು ಕಲಿತ ಯಹೂದಿ. ಪಿಟೀಲು ವಿದ್ವಾಂಸ ಹ್ಯೂಬರ್ಮನ್ ಯೂರೋಪಿನ ನಿರಾಶ್ರಿತ ಕಲಾವಿದರನ್ನು ಒಟ್ಟುಗೂಡಿಸಿ 1936ರಲ್ಲಿ ಪ್ಯಾಲಸ್ತೀನಿನಲ್ಲಿ ವಾದ್ಯವೃಂದವೊಂದನ್ನು ಕಟ್ಟಿದ್ದರು. ಅಷ್ಟು ಜನ ವಾದಕರಿರುವಲ್ಲಿ ವಾದ್ಯಗಳನ್ನು ನೋಡಿಕೊಳ್ಳುವವರೂ ಬೇಕಷ್ಟೆ. ಮೋಶೆಯವರು ವಾರ್ಸಾದಲ್ಲಿ ದುರಸ್ತಿಯ ಕೆಲಸ ಕಲಿತು, 1938ರಲ್ಲಿ ಪತ್ನಿಯೊಡನೆ ಪ್ಯಾಲಸ್ತೀನಿಗೆ ಬಂದು, ಟೆಲ್ ಅವೀವಿನಲ್ಲಿ ಅಂಗಡಿ ತೆರೆದರು. ಹಿಂದೆ ಉಳಿದ ಬಂಧುಬಳಗ ಬಹುಮಟ್ಟಿಗೆ ನಾಜಿಗಳ ಕೈಯಲ್ಲಿ ಹತವಾಯಿತು.

ಯುದ್ಧ ಮುಗಿದು ಸತ್ಯ ಹೊರಬಿದ್ದಾಗ ವೃಂದದ ಕಲಾವಿದರು ಜರ್ಮನಿಯಲ್ಲಿ ತಯಾರಾದ ವಾದ್ಯಗಳನ್ನು ಮುಟ್ಟಲು ಒಲ್ಲೆನೆಂದರು. ಕೊಂಡುಕೊಳ್ಳದಿದ್ದರೆ ಮುರಿದು ಹಾಕುವೆವೆಂದರು. ಇವನ್ನು ಮತ್ತೆ ಕೊಳ್ಳುವವರಿಲ್ಲವೆಂದು ಬಲ್ಲ ಮೋಶೆ ಅವೆಲ್ಲವನ್ನೂ ಹಣ ತೆತ್ತು ಕೊಂಡರು. ವ್ಯಾಪಾರದ ಲೆಕ್ಕಕ್ಕೆ ಅದು ನಷ್ಟ. ಆದರೆ ಮರ ಯಾರಿಗೂ ಶತ್ರುವಲ್ಲವೆಂಬುದನ್ನು ಕುಶಲಕರ್ಮಿ ಅರಿತಿರುತ್ತಾನೆ.

ಮಗ ಅಮ್ನೋನ್ ಹುಟ್ಟಿದ್ದು 1939ರಲ್ಲಿ. ಪಿಟೀಲು ನಿರ್ಮಾಣದ ತವರಾದ ಇಟಲಿಯ ಕ್ರೆಮೋನಾದಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಅವರು ವಿದ್ಯೆ ಕಲಿತರು. ಒಮ್ಮೆ ಆಷ್‌ವಿಟ್ಸ್ ಸೆರೆಶಿಬಿರದ ವಾದ್ಯವೃಂದದಲ್ಲಿ ನುಡಿಸಿ ಬದುಕುಳಿದವರೊಬ್ಬರು ತಮ್ಮ ಪಿಟೀಲನ್ನು ರಿಪೇರಿಗೆ ತಂದರು. ತೆರೆದು ನೋಡಿದರೆ ಒಳಗೆ ಬೂದಿ! ಅದು ಎಲ್ಲಿಯ ಬೂದಿಯೆಂದು ನಾನು ವಿವರಿಸಬೇಕಾಗಿಲ್ಲ. ಅನಂತರ ಬಹುಕಾಲ ಅಂಥ ವಾದ್ಯಗಳಿಗೆ ಕೈಹಚ್ಚಲು ಅಮ್ನೋನರಿಗೆ ಧೈರ್ಯ ಬರಲಿಲ್ಲ. 1990ರ ದಶಕದಲ್ಲಿ ಮನಸ್ಸು ಗಟ್ಟಿಮಾಡಿ, ಇಂಥ ಪಿಟೀಲುಗಳಿದ್ದರೆ ತನ್ನಿರೆಂದು ರೇಡಿಯೋದಲ್ಲಿ ಮನವಿ ಮಾಡಿದರು. ಒಂದೊಂದಾಗಿ ಬಂದವು. ಅವುಗಳ ನಾದ 2008ರಲ್ಲಿ ಜೆರೂಸಲೇಮಿನ ಕಚೇರಿಯೊಂದರಲ್ಲಿ ಮರಳಿ ಕೇಳಿಬಂತು.

ಪಿಟೀಲು ಹೀಗೆ ಮರುಹುಟ್ಟು ಪಡೆಯುವುದು ಅದರ ರಚನೆಯಿಂದಲೇ ಸಾಧ್ಯ. ಹಲಗೆಗಳನ್ನು ಕೂಡಿಸುವುದು ಪ್ರಾಣಿಜನ್ಯ ಅಂಟು. ಶಾಖಕ್ಕೂ ತೇವಕ್ಕೂ ಅದು ಬಿಡುತ್ತದೆ. ತೆಳ್ಳನೆಯ ಅಲಗಿನಿಂದ ಮೇಲ್ಹಲಗೆಯನ್ನು ಬಿಡಿಸಿ, ಸೀಳನ್ನು ಕೂಡಿಸಿ, ಮತ್ತೆ ಮುಚ್ಚಬಹುದು. ಒಳಗೆ ಎರಡು ಹಲಗೆಗಳ ನಡುವೆ ಅಂಟಿಲ್ಲದೆ ನಿಲ್ಲುವ ಪುಟ್ಟ ಗೂಟವೊಂದಿದೆ. ತುಸು ಸರಿಸಿದರೂ ನಾದ ಬದಲಾಗುತ್ತದೆ. ಇಟಲಿಯವರು ಅದನ್ನು ‘ಆನಿಮಾ’, ಎಂದರೆ ಆತ್ಮ, ಎನ್ನುತ್ತಾರೆ.

ಆದರೆ ಅಮ್ನೋನ್ ಸರಿಪಡಿಸಲೊಪ್ಪದ ಪಿಟೀಲೊಂದಿತ್ತು. ಯಹೂದಿಯೊಬ್ಬ ಸಣ್ಣ ದುರಸ್ತಿಗೆಂದು ಕೊಟ್ಟಿದ್ದ ಅದನ್ನು ತೆರೆದ ಕೆಲಸಗಾರ, ಒಳಗಡೆ ಸ್ವಸ್ತಿಕವನ್ನೂ ಹಿಟ್ಲರನ ಜಯಕಾರವನ್ನೂ 1936ರ ಇಸವಿಯನ್ನೂ ಬರೆದು ಮುಚ್ಚಿದ್ದ. ಒಡೆಯನಿಗೆ ಅದು ಕಾಣುವಂತಿರಲಿಲ್ಲ; ತನ್ನ ಗಲ್ಲದಡಿಯಲ್ಲಿಯೇ ಆ ವಿಷವನ್ನಿಟ್ಟುಕೊಂಡು ಆತ ನುಡಿಸಿದ್ದಿರಬೇಕು. ಅಳಿಸಿಬಿಡುವುದು ಸುಲಭವಿತ್ತು. ಅಳಿಸಿದರೆ ಸಾಕ್ಷಿಯೂ ಹೋಗುತ್ತಿತ್ತು. ಆದ್ದರಿಂದ ಅದನ್ನು ಮೂಕವಾಗಿಯೇ ಉಳಿಸಿದರು.

ಇದು ನನಗೆ ದೊಡ್ಡ ವಿವೇಕವೆಂದು ತೋರುತ್ತದೆ. ಹಳೆಯ ಗ್ರಂಥಗಳನ್ನು ಪರಿಷ್ಕರಿಸುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ: ಯಾವುದನ್ನು ತಿದ್ದಬೇಕು, ಯಾವುದನ್ನು ಇದ್ದಂತೆ ಬಿಡಬೇಕು? ಜೀರ್ಣೋದ್ಧಾರವೆಂದರೆ ಹೊಸದಾಗಿಸುವುದಲ್ಲ, ಇದ್ದುದು ತನ್ನ ಮಾತನ್ನು ತಾನೇ ಆಡುವಂತೆ ಮಾಡುವುದು. ಅಮ್ನೋನ್ 2024ರ ಮಾರ್ಚಿಯಲ್ಲಿ ತೀರಿಕೊಂಡರು. ಅವರ ಮಗ ಅವ್ಶಾಲೋಮ್ ಸಹ ಅದೇ ಕಸುಬನ್ನು ಕಲಿತವರು. ಮೂರು ತಲೆಮಾರುಗಳ ಕೈಯಲ್ಲಿ ಹಾದುಬಂದ ಆ ಪಿಟೀಲುಗಳನ್ನು ನುಡಿಸುವ ಕಲಾವಿದರು ತಮ್ಮ ಸಂಗೀತವನ್ನಲ್ಲದೆ, ಹೆಸರಿಲ್ಲದೆ ಹೋದವರ ಸಂಗೀತವನ್ನೂ ನುಡಿಸುತ್ತಾರೆ.