ಕರುಳಿನ ಹಾರ್ಮೋನು, ಇಳಿಯುವ ಸಕ್ಕರೆ

ಮಹಾಲಿಂಗಪುರದ ಕಡೆಯ ಒಂದು ಶಾಲೆಯ ಬಯಲು ಎಂದುಕೊಳ್ಳಿ. ಟೈಪ್ ಒನ್ ಮಧುಮೇಹದ ಹುಡುಗ ಇನ್ಸುಲಿನ್ ಚುಚ್ಚಿಕೊಂಡು, ರೊಟ್ಟಿ ಅರ್ಧಕ್ಕೇ ಬಿಟ್ಟು ಕಬಡ್ಡಿಗೆ ಓಡಿದ್ದಾನೆ. ಸ್ವಲ್ಪ ಹೊತ್ತಿಗೆ ಕೈ ನಡುಕ, ಮೈಯೆಲ್ಲ ಬೆವರು, ಕೇಳಿದ್ದಕ್ಕೆಲ್ಲ ಸಿಡಿಮಿಡಿ. ಮಾಸ್ತರರು ಸೊಕ್ಕು ಅಂದುಕೊಂಡು ಬೈದರೆ ಕೆಟ್ಟಿತು. ಅವನ ಶುಗರ್ 70ಕ್ಕಿಂತ ಕೆಳಗಿಳಿದಿದೆ.

ಮೊದಲು ಮಾಡುವುದು ಇಷ್ಟು: ಮೂರು ಚಮಚ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಬೆಲ್ಲದ ಪೇಟೆಯ ಊರಲ್ಲಿ ಬೆಲ್ಲದ ನೀರಾದರೂ ಆದೀತು. ಪೇಡೆ ಬೇಡ, ಅದರ ಜಿಡ್ಡು ಸಕ್ಕರೆ ರಕ್ತ ಸೇರುವುದನ್ನು ನಿಧಾನಗೊಳಿಸುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು.

ಉಳಿದ ಮಕ್ಕಳೂ ಅರೆಹೊಟ್ಟೆಯಲ್ಲಿ ಆಡುತ್ತಾರಲ್ಲ, ಅವರಿಗೇಕೆ ಹೀಗಾಗದು? ಸಕ್ಕರೆ ಇಳಿಯತೊಡಗಿದರೆ ಅವರಲ್ಲಿ ಇನ್ಸುಲಿನ್ ತಾನೇ ತಗ್ಗುತ್ತದೆ. ಜೊತೆಗೆ ಮೇದೋಜ್ಜೀರಕದ ಆಲ್ಫಾ ಕೋಶಗಳು ಗ್ಲುಕಗಾನ್ ಬಿಡುತ್ತವೆ. ಅದು ಯಕೃತ್ತಿನ ಕಣಜ ತೆರೆಸಿ ರಕ್ತಕ್ಕೆ ಸಕ್ಕರೆ ಹರಿಸುತ್ತದೆ. ಟೈಪ್ ಒನ್‌ನಲ್ಲಿ ಚುಚ್ಚಿದ ಇನ್ಸುಲಿನ್ ವಾಪಸು ತೆಗೆಯಲಾಗದು. ಸಾಯುವುದು ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು, ಆಲ್ಫಾ ಕೋಶಗಳಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಸಕ್ಕರೆ ಇಳಿದಾಗ ಅವು ಓಗೊಡುವುದು ನಿಂತುಹೋಗುತ್ತದೆ. ಈ ಕಾಯಿಲೆಯಲ್ಲಿ ನನಗೆ ಅತ್ಯಂತ ಅನ್ಯಾಯ ಎನಿಸುವುದು ಇದೇ.

ಈ ಮೌನ ಮುರಿಯಲು ಕರುಳು ನೆರವಾದೀತೇ? ತೂಕ ಇಳಿಸುವ ಚುಚ್ಚುಮದ್ದಿನಿಂದ ಮನೆಮಾತಾದ ಜಿಎಲ್‌ಪಿ-1 ಕರುಳಿನದೇ ಹಾರ್ಮೋನು, ಆದರೆ ಅದು ಗ್ಲುಕಗಾನನ್ನು ಹತ್ತಿಕ್ಕುವಂಥದು. ಸಣ್ಣ ಕರುಳಿನ ಮೇಲ್ಭಾಗದಲ್ಲಿ, ಉಂಡೊಡನೆ ಹೊರಡುವ ಜಿಐಪಿಯ ಸ್ವಭಾವ ಬೇರೆ. ಸಕ್ಕರೆ ಏರಿದ್ದರೆ ಇನ್ಸುಲಿನ್‌ಗೆ ಒತ್ತಾಸೆ, ಇಳಿದಿದ್ದರೆ ಗ್ಲುಕಗಾನ್‌ಗೆ. 2015ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ ಟೈಪ್ ಒನ್ ಇರುವ 10 ಗಂಡಸರ ಸಕ್ಕರೆಯನ್ನು ಬೇಕೆಂದೇ ಇಳಿಸಿ, ರಕ್ತನಾಳಕ್ಕೆ ಜಿಐಪಿ ಹರಿಸಿದರು. ಗ್ಲುಕಗಾನ್ ಹೆಚ್ಚಿತು, ಹೊರಗಿನಿಂದ ಕೊಡಬೇಕಾದ ಗ್ಲೂಕೋಸ್ ಕಡಿಮೆಯಾಯಿತು.

ಹಾಗೆಂದು ಔಷಧಿ ಅಂಗಡಿಗೆ ಓಡುವಂತಿಲ್ಲ. ರಕ್ತದಲ್ಲಿ ಜಿಐಪಿಯ ಆಯುಷ್ಯ ಕೆಲವೇ ನಿಮಿಷ. ಅದನ್ನು ದಿನವಿಡೀ ಉಳಿಸಿದರೋ, ಇನ್ಸುಲಿನ್ ಹುಟ್ಟದ ಮೈಯಲ್ಲಿ ಊಟದ ಮೇಲೂ ಗ್ಲುಕಗಾನ್ ಏರಿ, ಮೊದಲೇ ಏರಿದ ಸಕ್ಕರೆ ಮತ್ತಷ್ಟು ಏರುವ ಭಯ. ಸಕ್ಕರೆ ಇಳಿದ ಗಳಿಗೆಗಷ್ಟೇ ಅದನ್ನು ಕೆಲಸಕ್ಕೆ ಹಚ್ಚುವುದು ಹೇಗೆ ಎಂಬಲ್ಲಿ ಸಂಶೋಧನೆ ತಿಣುಕುತ್ತಿದೆ.